ಪಬ್‌ಜಿ ಆಡೋರೆಲ್ಲ ಎದ್ದು ನಿಲ್ಲಿ

2022ರ ಜೂನ್‌ನಲ್ಲಿ ಲಕ್ನೋದಲ್ಲಿ ಒಬ್ಬ ತಾಯಿಯ ಕೊಲೆಯಾಯಿತು. ಕೊಂದವನು ಆಕೆಯ ಹದಿನಾರು ವರ್ಷದ ಮಗ ಅಂತ ಪೊಲೀಸರು ಹೇಳಿದರು. ಅಪ್ಪ ಸೇನೆಯಲ್ಲಿದ್ದರು, ಬೇರೆ ರಾಜ್ಯದಲ್ಲಿ ಡ್ಯೂಟಿ. ಪಿಸ್ತೂಲು ಅಪ್ಪನದು, ಲೈಸೆನ್ಸ್ ಇದ್ದದ್ದು, ಮನೆಯಲ್ಲೇ ಇತ್ತು. ಪುಟ್ಟ ತಂಗಿಯೊಬ್ಬಳು ಅದೇ ಮನೆಯಲ್ಲಿದ್ದಳು. ಓದಿದವರ ಹೊಟ್ಟೆ ಕಿವುಚುವಂಥ ಸುದ್ದಿ. ಅದು ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಾಗ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು ಎರಡೇ ಪದ: ಪಬ್‌ಜಿ ಕೊಲೆ.

ಪಿಸ್ತೂಲಿನ ಬಗ್ಗೆ ಗ್ರೂಪಿನಲ್ಲಿ ಯಾರೂ ಕೇಳಲಿಲ್ಲ. ಹದಿನಾರರ ಹುಡುಗನ ಕೈಗೆ ಸಿಗುವ ಹಾಗೆ ಅದು ಯಾಕಿತ್ತು, ಆ ಮನೆಯಲ್ಲಿ ಅದಕ್ಕೂ ಮುಂಚೆ ಏನೇನು ನಡೆದಿತ್ತು, ಅವನಿಗೆ ಮನಸ್ಸು ಬಿಚ್ಚಿ ಮಾತಾಡೋಕೆ ಯಾರಾದರೂ ಇದ್ದರಾ, ಇವ್ಯಾವೂ ಬರಲಿಲ್ಲ. ತಾಯಿ ಗೇಮ್ ಆಡಬೇಡ ಅಂದಳು, ಮಗ ಕೊಂದ. ಅಷ್ಟೇ ಕಥೆ. ಕೆಳಗೆ ಸಾಲಾಗಿ ಕಣ್ಣೀರಿನ ಎಮೋಜಿ, ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಮಕ್ಕಳ ಫೋನಿನ ಮಾತು. ಚಿಕ್ಕಮ್ಮ ಒಬ್ಬರು ನೇರವಾಗಿ ನನ್ನ ಹೆಸರು ಹಾಕಿ ಬರೆದರು, "ನೀನೂ ಇದನ್ನೇ ಅಲ್ವೇನೇ ಆಡೋದು?"

ಹೌದು, ನಾನು ಆಡುತ್ತೇನೆ. ಮೂವತ್ತು ದಾಟಿದವಳು, ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ, ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆದಿಟ್ಟು ಒಂದು ಗಂಟೆ ಆಟ. ಪಬ್‌ಜಿಯನ್ನು 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಇನ್ನೂ ನೂರಕ್ಕೂ ಹೆಚ್ಚು ಆ್ಯಪ್‌ಗಳ ಜೊತೆ ನಿಷೇಧಿಸಿತು. ಅದಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ, ಜನರ ಡೇಟಾ. ಮಕ್ಕಳು ಕೆಡ್ತಾರೆ ಅನ್ನೋದು ಆ ಆದೇಶದಲ್ಲಿ ಇರಲಿಲ್ಲ. 2021ರ ಜುಲೈನಲ್ಲಿ ಭಾರತಕ್ಕಂತಲೇ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಬಂತು. ಆಟ ಹೆಚ್ಚುಕಮ್ಮಿ ಅದೇ, ಆದ್ದರಿಂದ ಊರಲ್ಲೆಲ್ಲ ಇವತ್ತಿಗೂ ಅದರ ಹೆಸರು ಪಬ್‌ಜಿನೇ. ಒಂದೇ ವರ್ಷದಲ್ಲಿ ಹತ್ತು ಕೋಟಿ ಜನ ನೋಂದಾಯಿಸಿಕೊಂಡಿದ್ದಾರೆ ಅಂತ ಕಂಪನಿ ಹೇಳಿತು. ಅದರಲ್ಲಿ ಒಬ್ಬರೇ ಮಾಡಿಕೊಂಡ ಎರಡು ಮೂರು ಅಕೌಂಟ್ ಇರಬಹುದು, ಇಳಿಸಿಕೊಂಡು ಬಿಟ್ಟವರು ಇರಬಹುದು, ಅದನ್ನೆಲ್ಲ ಕಳೆದರೂ ಕೋಟಿಗಟ್ಟಲೆ ಜನ. ಆಟ ಕೊಲೆಗಾರರನ್ನು ಹುಟ್ಟಿಸುತ್ತೆ ಅನ್ನೋದು ನಿಜವಾಗಿದ್ದರೆ ನಮ್ಮ ಬೀದಿಗಳು ಹೀಗಿರುತ್ತಿರಲಿಲ್ಲ.

ಚಿಕ್ಕಮ್ಮನ ಮಾತು ನನಗೆ ದೊಡ್ಡದಲ್ಲ. ನಾನು ದುಡಿಯುತ್ತೇನೆ, ನನ್ನ ಫೋನನ್ನು ಯಾರೂ ಕಿತ್ತುಕೊಳ್ಳಲಾರರು. ನನ್ನನ್ನು ಈ ಬರಹಕ್ಕೆ ಕೂರಿಸಿದ್ದು ಅದೇ ಜೂನ್‌ನಲ್ಲಿ ನಮ್ಮ ಊರಲ್ಲಿ ನಡೆದದ್ದು. ಸೋದರಮಾವನ ಮಗ ಆಗ ಸೆಕೆಂಡ್ ಪಿಯು. ಕಾಲೇಜು ಆಗಷ್ಟೇ ಶುರುವಾಗಿತ್ತು. ಒಂದು ದಿನ ಲೆಕ್ಚರರ್ ಒಬ್ಬರು ಲಕ್ನೋದ ಸುದ್ದಿ ಇದ್ದ ಪೇಪರ್ ಹಿಡಿದುಕೊಂಡೇ ಕ್ಲಾಸಿಗೆ ಬಂದರು. ಅದನ್ನು ಪೂರ್ತಿ ಓದಿ ಹೇಳಿ, "ಪಬ್‌ಜಿ ಆಡೋರೆಲ್ಲ ಎದ್ದು ನಿಲ್ಲಿ" ಅಂದರು. ನಮ್ಮ ಹುಡುಗ ನಿಂತ. ಅವನ ಹಿಂದಿನ ಬೆಂಚಿನಲ್ಲಿ ಹಿಂದಿನ ರಾತ್ರಿ ಅವನ ಜೊತೆಗೇ ಆಡಿದವರು ಕೂತಿದ್ದರು, ಅವರು ಏಳಲಿಲ್ಲ. ನಿಂತವರು ಒಂದು ಕೈಬೆರಳೆಣಿಕೆಯಷ್ಟು. ಲೆಕ್ಚರರ್ ಅವರ ಹೆಸರು ಬರೆದುಕೊಂಡರು, "ನೋಡಿ, ನಾಳೆ ಇವರ ಫೋಟೋ ಪೇಪರಲ್ಲಿ ಬರುತ್ತೆ" ಅಂತ ಕ್ಲಾಸಿಗೆ ಹೇಳಿದರು, ಮನೆಗಳಿಗೆ ಫೋನ್ ಹೋಯಿತು.

ಹುಡುಗಿಯರೂ ಇದ್ದ ಕ್ಲಾಸು. ಹದಿನೇಳು ವರ್ಷ. ಆ ವಯಸ್ಸಿನಲ್ಲಿ ಎಲ್ಲರೆದುರು ನಿಲ್ಲಿಸಿ ನೀನು ಅಮ್ಮನನ್ನು ಕೊಲ್ಲೋ ಜಾತಿಯವನು ಅಂತ ಹೇಳಿಸಿಕೊಳ್ಳೋದು ಏನು ಅಂತ ಹೇಳಿದವರಿಗೆ ಅಂದಾಜಿತ್ತೋ ಇಲ್ಲವೋ. ಸಂಜೆ ಅವನು ನನಗೆ ಫೋನ್ ಮಾಡಿದ. "ಅಕ್ಕ, ನಾನು ಸುಮ್ನೆ ಕೂತಿದ್ದರೆ ಏನೂ ಆಗ್ತಿರಲಿಲ್ಲ ಅಲ್ವಾ?" ಅಂದ. ನನಗೆ ಉತ್ತರ ತೋಚಲಿಲ್ಲ. ಸತ್ಯ ಹೇಳಿದವರಿಗೆ ಶಿಕ್ಷೆ, ಮುಚ್ಚಿಟ್ಟವರಿಗೆ ಏನೂ ಇಲ್ಲ. ಅವತ್ತು ಆ ಕ್ಲಾಸಿನ ಮಕ್ಕಳೆಲ್ಲ ಕಲಿತದ್ದು ಅದನ್ನೇ. ಮುಂದೆ ಆ ಹುಡುಗರಲ್ಲಿ ಯಾರಿಗಾದರೂ ನಿಜವಾಗಲೂ ಆಟ ಬಿಡೋಕೆ ಆಗದೆ ಕಷ್ಟ ಬಂದರೆ, ಯಾವ ಧೈರ್ಯದ ಮೇಲೆ ಆ ಮೇಷ್ಟ್ರ ಹತ್ತಿರ ಹೋಗಿ ಹೇಳಿಕೊಳ್ಳುತ್ತಾನೆ?

ಆಡದೇ ಇರುವವರಿಗೆ ನಾವು ಆ ಒಂದು ಗಂಟೆ ಏನು ಮಾಡುತ್ತೇವೆ ಅಂತ ಹೇಳಿಬಿಡುತ್ತೇನೆ. ನೂರು ಜನ ಒಂದು ವಿಮಾನದಿಂದ ಒಂದು ದ್ವೀಪದ ಮೇಲೆ ಹಾರುತ್ತಾರೆ. ಖಾಲಿ ಮನೆಗಳಿಗೆ ನುಗ್ಗಿ ಬಂದೂಕು, ಗುಂಡು, ಬ್ಯಾಂಡೇಜ್, ಹೆಲ್ಮೆಟ್ ಹುಡುಕಬೇಕು. ಸುತ್ತಲೂ ನೀಲಿ ಗೋಡೆಯೊಂದು ಒಳಗೊಳಗೆ ಬರುತ್ತಾ ಇರುತ್ತೆ, ಅದರ ಆಚೆ ಉಳಿದವರು ಸಾಯುತ್ತಾರೆ. ಕೊನೆಗೆ ಉಳಿದ ತಂಡ ಗೆದ್ದಂತೆ. ನಮ್ಮದು ನಾಲ್ಕು ಜನರ ಸ್ಕ್ವಾಡ್. ನಾನು, ಈ ಹುಡುಗ (ಆಗಿನ ಮಾತು), ಮಂಗಳೂರಿನಲ್ಲಿ ನರ್ಸ್ ಆಗಿರುವ ಒಬ್ಬಳು, ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವ ಒಬ್ಬ. ಕೊನೆಯ ಇಬ್ಬರನ್ನು ನಾನು ಮುಖತಃ ನೋಡಿಲ್ಲ, ದನಿ ಮಾತ್ರ ಗೊತ್ತು.

ಹೊರಗಿನಿಂದ ಕೇಳಿಸೋದು ಬರೀ ಗುಂಡಿನ ಸದ್ದು, "ಹೊಡಿ ಹೊಡಿ" ಅನ್ನೋ ಕೂಗು. ಒಳಗೆ ಕೂತವರಿಗೆ ಅದು ಬೇರೆ. ಒಬ್ಬರು ಗುಂಡು ತಿಂದು ನಾಕ್ ಆದರೆ ತಕ್ಷಣ ಸಾಯೋದಿಲ್ಲ, ಮೊಣಕಾಲ ಮೇಲೆ ತೆವಳುತ್ತಾ ಇರುತ್ತಾರೆ, ಜೀವ ಸ್ವಲ್ಪ ಸ್ವಲ್ಪವೇ ಇಳಿಯುತ್ತೆ. ಯಾರಾದರೂ ಪಕ್ಕಕ್ಕೆ ಬಂದು ಕೂತು ಎಬ್ಬಿಸಬೇಕು. ಹತ್ತು ಸೆಕೆಂಡಿನಷ್ಟು ಹಿಡಿಯುತ್ತೆ, ಅಷ್ಟು ಹೊತ್ತು ಎಬ್ಬಿಸುವವರು ಗುಂಡು ಹಾರಿಸೋಕಾಗಲ್ಲ, ಓಡೋಕಾಗಲ್ಲ, ಯಾರು ಬೇಕಾದರೂ ಬಂದು ಹೊಡೆಯಬಹುದು. "ಬಿಡಕ್ಕ, ನೀನು ಜೋನ್ ಒಳಗೆ ಹೋಗು, ನನ್ನ ಗತಿ ಮುಗೀತು" ಅಂತ ಹೊಸೂರಿನವನು ಹೇಳುತ್ತಲೇ ಇರುತ್ತಾನೆ, ನರ್ಸ್ ಹುಡುಗಿ ಏನೂ ಮಾತಾಡದೆ ಸ್ಮೋಕ್ ಎಸೆದು, ಹೊಗೆಯೊಳಗೆ ಹೋಗಿ ಅವನನ್ನು ಎಬ್ಬಿಸುತ್ತಾಳೆ. ಎಷ್ಟೋ ಸಲ ಇಬ್ಬರೂ ಸಾಯುತ್ತಾರೆ. ಮುಂದಿನ ಮ್ಯಾಚಿನಲ್ಲಿ ಅವಳು ಮತ್ತೆ ಅದನ್ನೇ ಮಾಡುತ್ತಾಳೆ. ಅವಳು ಹಗಲು ಮಾಡುವ ಕೆಲಸವೂ ಅದೇ ಅಂತ ನನಗೆ ಅನ್ನಿಸುತ್ತೆ, ಆದರೆ ಅವಳನ್ನು ಕೇಳಿದರೆ ನಗುತ್ತಾಳೆ.

ಇದನ್ನು ಹೇಳಿದ್ದು ಆಟ ಆಡುವವರೆಲ್ಲ ಒಳ್ಳೆಯವರು ಅಂತ ಸಾಧಿಸೋಕಲ್ಲ. ಒಬ್ಬ ಕೆಟ್ಟವನನ್ನು ತೋರಿಸಿ ಎಲ್ಲರೂ ಹೀಗೇ ಅನ್ನೋದು ತಪ್ಪಾದರೆ, ಒಬ್ಬ ಒಳ್ಳೆಯವಳನ್ನು ತೋರಿಸಿ ಎಲ್ಲರೂ ಹೀಗೇ ಅನ್ನೋದೂ ತಪ್ಪೇ. ಆ ಲೆಕ್ಚರರಿಗೆ ನಿಂತವರ ಬಗ್ಗೆ ಗೊತ್ತಿದ್ದದ್ದು ಒಂದೇ ವಿಷಯ, ಆಟ ಆಡುತ್ತಾರೆ ಅಂತ. ಅದರಿಂದ ಒಬ್ಬ ಮನುಷ್ಯನ ಬಗ್ಗೆ ಏನೂ ಗೊತ್ತಾಗೋದಿಲ್ಲ.

ಈ ಭಯ ಲಕ್ನೋದಿಂದ ಶುರುವಾದದ್ದೂ ಅಲ್ಲ. 2017ರಲ್ಲಿ ಬ್ಲೂ ವೇಲ್ ಅನ್ನುವ ಆನ್‌ಲೈನ್ ಆಟದ ಸುದ್ದಿ ಎದ್ದಿತ್ತು, ನೆನಪಿದೆಯಾ? ಐವತ್ತು ದಿನ ಐವತ್ತು ಕೆಲಸ, ಕೊನೆಯ ದಿನ ಆತ್ಮಹತ್ಯೆ. ದೇಶದ ಯಾವ ಮೂಲೆಯಲ್ಲಿ ಮಗುವೊಂದು ಜೀವ ಕಳೆದುಕೊಂಡರೂ ಬ್ಲೂ ವೇಲ್‌ಗೆ ಬಲಿ ಅಂತಲೇ ಬರುತ್ತಿತ್ತು. ಶಾಲೆಗಳಲ್ಲಿ ಮಕ್ಕಳ ಕೈ ತಿರುಗಿಸಿ ನೋಡುತ್ತಿದ್ದರು, ಬ್ಲೇಡಿನ ಗುರುತು ಇದೆಯಾ ಅಂತ. ಸರ್ಕಾರ ಒಂದು ಸಮಿತಿ ಮಾಡಿ ಆ ಪ್ರಕರಣಗಳನ್ನು ತನಿಖೆ ಮಾಡಿಸಿತು. 2018ರ ಜನವರಿಯಲ್ಲಿ ಸಂಸತ್ತಿನಲ್ಲಿ ಉತ್ತರ ಬಂತು: ಯಾವ ಪ್ರಕರಣದಲ್ಲೂ ಬ್ಲೂ ವೇಲ್ ಕಾರಣ ಅಂತ ಸಾಬೀತಾಗಿಲ್ಲ. ಆ ಉತ್ತರ ನಮ್ಮ ಫ್ಯಾಮಿಲಿ ಗ್ರೂಪಿಗೆ ಬರಲೇ ಇಲ್ಲ. ಆ ಮಕ್ಕಳು ಸತ್ತದ್ದು ನಿಜ. ಯಾಕೆ ಸತ್ತರು ಅನ್ನುವ ಪ್ರಶ್ನೆಗೆ ನಾವೆಲ್ಲ ಸೇರಿ ಒಂದು ಸುಲಭದ ಉತ್ತರ ಅಂಟಿಸಿ ಬಾಗಿಲು ಹಾಕಿಬಿಟ್ಟೆವು. ನನಗೆ ಇದರಲ್ಲಿ ಜಾಸ್ತಿ ನೋವಾಗೋದೇ ಇದು.

2019ರಲ್ಲಿ ಗುಜರಾತಿನ ರಾಜ್‌ಕೋಟ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಾರ್ಚ್‌ನಲ್ಲಿ ಪೊಲೀಸ್ ಕಮಿಷನರ್ ಪಬ್‌ಜಿ ಆಡುವಂತಿಲ್ಲ ಅಂತ ಆದೇಶ ಹೊರಡಿಸಿದರು. ಅದೇ ಆದೇಶದಲ್ಲಿ ಮೋಮೋ ಚಾಲೆಂಜ್ ಅನ್ನೂ ನಿಷೇಧಿಸಿದ್ದರು. ಮೋಮೋ ಅಂದರೆ ಇಲ್ಲದ ಆಟ, ಉಬ್ಬಿದ ಕಣ್ಣಿನ ಒಂದು ಗೊಂಬೆಯ ಫೋಟೋ ಇಟ್ಟುಕೊಂಡು ವಾಟ್ಸಾಪ್‌ನಲ್ಲಿ ಹಬ್ಬಿದ ಸುಳ್ಳು. ಇದ್ದದ್ದನ್ನೂ ಇಲ್ಲದ್ದನ್ನೂ ಒಂದೇ ಕಾಗದದಲ್ಲಿ ಸೇರಿಸಿ ನಿಷೇಧ ಮಾಡಿ, ಆಮೇಲೆ ರಸ್ತೆ ಬದಿ, ಚಹಾ ಅಂಗಡಿ ಹತ್ತಿರ ಫೋನಿನಲ್ಲಿ ಆಡುತ್ತಾ ಕೂತಿದ್ದ ಹುಡುಗರನ್ನು ಬಂಧಿಸಿದರು. ಹತ್ತು ಜನ, ಅದರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದರು. ಜಾಮೀನು ಸಿಕ್ಕಿತು, ದೊಡ್ಡ ಶಿಕ್ಷೆಯ ಕೇಸೂ ಅಲ್ಲ. ಆದರೂ ಇಪ್ಪತ್ತರ ಹುಡುಗನ ಮೇಲೆ ಪೊಲೀಸ್ ಕೇಸು ಅಂದರೆ ಮನೆಯವರಿಗೆ ಏನಾಗಿರಬೇಕು? ಯಾರಿಗೂ ಬೈದಿಲ್ಲ, ಹೊಡೆದಿಲ್ಲ, ಕದ್ದಿಲ್ಲ. ಬರೀ ಆಡುತ್ತಿದ್ದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಳಗಾವಿ ಪಕ್ಕದ ಕಾಕತಿಯಲ್ಲಿ ಇಪ್ಪತ್ತೊಂದರ ಮಗ ತಂದೆಯನ್ನು ಕೊಂದ. ಫೋನ್ ಕಸಿದದ್ದಕ್ಕೆ, ಆಟ ಬೇಡ ಅಂದದ್ದಕ್ಕೆ ಅಂತ ವರದಿಗಳು ಬಂದವು. ಅದರ ವಿವರ ನಾನಿಲ್ಲಿ ಬರೆಯೋದಿಲ್ಲ, ಕನ್ನಡ ಟಿವಿ ನೋಡಿದವರು ಬೇಡವೆಂದರೂ ಎಲ್ಲ ಕೇಳಿದ್ದಾರೆ. ಇದು ಸಣ್ಣ ವಿಷಯ ಅಂತ ಯಾವ ಆಟಗಾರನೂ ಹೇಳಬಾರದು, ಹೇಳಿದವರ ಜೊತೆ ನಾನಿಲ್ಲ. ಆದರೆ ಒಂದು ಮನೆಯಲ್ಲಿ ಮಗ ಅಪ್ಪನ ಮೇಲೆ ಕೈ ಎತ್ತುವ ಹಂತಕ್ಕೆ ಬಂದಿದ್ದಾನೆ ಅಂದರೆ ಅದು ಒಂದು ರಾತ್ರಿಯಲ್ಲಿ ಆಗುವ ಮಾತಾ? ಕುಡಿತಕ್ಕೆ ದುಡ್ಡು ಕೊಡಲಿಲ್ಲ ಅಂತ ತಾಯಿಯನ್ನು ಕೊಂದ ಸುದ್ದಿ, ಆಸ್ತಿ ಬರೆದುಕೊಡಲಿಲ್ಲ ಅಂತ ತಂದೆಯನ್ನು ಕೊಂದ ಸುದ್ದಿ ನಾವು ಓದುತ್ತಲೇ ಇರುತ್ತೇವೆ. ಅಲ್ಲೆಲ್ಲ ನಾವು ಆ ಮನೆಯ ಬಗ್ಗೆ, ಆ ಮಗನ ಬಗ್ಗೆ ಕೇಳುತ್ತೇವೆ. ಆಸ್ತಿ ಇರುವ ಮನೆಯ ಮಕ್ಕಳನ್ನೆಲ್ಲ ಎದ್ದು ನಿಲ್ಲಿಸೋದಿಲ್ಲ.

ಅಮೆರಿಕದಲ್ಲಿ ಈ ಜಗಳ ನಮಗಿಂತ ಇಪ್ಪತ್ತು ವರ್ಷ ಹಳೆಯದು. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ಆದಾಗ ದಾಳಿ ಮಾಡಿದ ಹುಡುಗರು ಡೂಮ್ ಆಡುತ್ತಿದ್ದರು ಅಂತ ಗೇಮ್ ಕಂಪನಿಗಳ ಮೇಲೆ ಕೇಸು ಹಾಕಿದರು, ಅವು ಕೋರ್ಟಿನಲ್ಲಿ ನಿಲ್ಲಲಿಲ್ಲ. 2007ರ ವರ್ಜೀನಿಯಾ ಟೆಕ್ ದಾಳಿಯ ದಿನವೂ ಟಿವಿಯಲ್ಲಿ ಗೇಮ್‌ನ ಹೆಸರೇ ಬಂತು. ಆಮೇಲೆ ನೋಡಿದರೆ ಹಾಸ್ಟೆಲಿನಲ್ಲಿ ಅವನ ಜೊತೆಗಿದ್ದವರು ಅವನು ಗೇಮ್ ಆಡಿದ್ದನ್ನೇ ಕಂಡಿರಲಿಲ್ಲ. 2020ರಲ್ಲಿ ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘ, ಹೊಡೆದಾಟದ ಗೇಮ್‌ಗಳು ಹಿಂಸೆಯ ಅಪರಾಧಕ್ಕೆ ಕಾರಣ ಅನ್ನೋಕೆ ಸಾಕಷ್ಟು ಆಧಾರ ಇಲ್ಲ ಅಂತ ಬಹಿರಂಗವಾಗಿ ಹೇಳಿತು. ಕೂಗಾಡುವುದು, ತಳ್ಳಾಡುವುದು ಇಂಥವುಗಳ ಜೊತೆ ಚೂರು ನಂಟು ಕಾಣುತ್ತೆ ಅಂತಲೂ ಅದೇ ಮಾತಿನಲ್ಲಿ ಹೇಳಿತು. ನಾನು ಎರಡನ್ನೂ ಒಪ್ಪುತ್ತೇನೆ. ಸೋತಾಗ ನಮ್ಮ ಹೊಸೂರಿನವನು ಕೂಗೋದು ಪಕ್ಕದ ರೂಮಿಗೂ ಕೇಳುತ್ತೆ. ಕೂಗಾಟಕ್ಕೂ ಕೊಲೆಗೂ ನಡುವೆ ಎಷ್ಟು ದೂರ ಅಂತ ನಾವು ಬೇರೆಲ್ಲ ಕಡೆ ಬಲ್ಲೆವು. ಇಲ್ಲಿ ಮಾತ್ರ ಮರೆಯುತ್ತೇವೆ.

ಬೇರೆ ಕಡೆ ಹೇಗೆ ಬಲ್ಲೆವು ಅಂತ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಅಪ್ಪ ಡಾ. ರಾಜ್‌ಕುಮಾರ್ ಅವರ ದೊಡ್ಡ ಅಭಿಮಾನಿ. ನಡುಮನೆಯಲ್ಲಿ ದೇವರ ಫೋಟೋ ಪಕ್ಕ ಅಣ್ಣಾವ್ರ ಫೋಟೋ. 2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡರು. ಆ ಎರಡು ದಿನ ಬೆಂಗಳೂರಿನಲ್ಲಿ ಬಸ್ಸು, ಕಾರುಗಳಿಗೆ ಬೆಂಕಿ ಬಿತ್ತು, ಕಲ್ಲು ತೂರಿದರು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು, ಅವರಲ್ಲಿ ಒಬ್ಬ ಪೊಲೀಸರೂ ಇದ್ದರು. ಅಪ್ಪ ಟಿವಿ ಮುಂದೆ ಕೂತು ಅಳುತ್ತಿದ್ದರು, ಅಣ್ಣಾವ್ರಿಗಾಗಿಯೂ ಅತ್ತರು, ಆ ಪೊಲೀಸಿನವರ ಮನೆಯವರಿಗಾಗಿಯೂ ಅತ್ತರು. ಅವತ್ತು ಕರ್ನಾಟಕದಲ್ಲಿ ಯಾರೂ ನಮ್ಮಪ್ಪನನ್ನು ಎದ್ದು ನಿಲ್ಲಿಸಿ ನೀನೂ ರಾಜ್ ಅಭಿಮಾನಿ ಅಲ್ವಾ, ನೀನೂ ಬೆಂಕಿ ಹಚ್ಚುವವನೇ ಅಂತ ಕೇಳಲಿಲ್ಲ. ನಿಜವಾದ ಅಭಿಮಾನಿಗಳು ಹೀಗೆ ಮಾಡಲ್ಲ, ಇದು ಕಿಡಿಗೇಡಿಗಳ ಕೆಲಸ ಅಂತ ಎಲ್ಲರ ಬಾಯಲ್ಲೂ ಬಂತು. ಯಾಕೆ ಬಂತು ಅಂದರೆ ಅಭಿಮಾನಿಗಳು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯವರು, ಆಟೋದವರು, ಸ್ಕೂಲಿನ ಮೇಷ್ಟ್ರು, ಸ್ವಂತ ಅಪ್ಪ. ಗೊತ್ತಿರುವ ಜನರ ಬಗ್ಗೆ ಸುಳ್ಳು ನಂಬೋದು ಕಷ್ಟ.

ಕ್ರಿಕೆಟ್‌ನಲ್ಲೂ ಹಾಗೇ. 1996ರ ಮಾರ್ಚ್ 13, ಈಡನ್ ಗಾರ್ಡನ್ಸ್, ವಿಶ್ವಕಪ್ ಸೆಮಿಫೈನಲ್. ಭಾರತ 8 ವಿಕೆಟಿಗೆ 120 ಆಗಿದ್ದಾಗ ಬಾಟಲಿ ಎಸೆದರು, ಸ್ಟ್ಯಾಂಡಿನಲ್ಲಿ ಬೆಂಕಿ ಹಚ್ಚಿದರು, ಮ್ಯಾಚ್ ನಿಲ್ಲಿಸಿ ಶ್ರೀಲಂಕಾ ಗೆದ್ದಿದೆ ಅಂತ ಘೋಷಿಸಬೇಕಾಯಿತು. ಮಾರನೇ ದಿನ ಮಕ್ಕಳ ಬ್ಯಾಟು ಕಿತ್ತಿಟ್ಟ ಅಪ್ಪ ಒಬ್ಬರಾದರೂ ಇದ್ದರಾ? ವಿಡಿಯೋ ಗೇಮ್‌ಗೆ ಆ ಅದೃಷ್ಟ ಇಲ್ಲ. ನಮ್ಮ ತಂದೆ ತಾಯಂದಿರ ಪೀಳಿಗೆಯವರಲ್ಲಿ ಆಡಿದವರು ಕಮ್ಮಿ. ಮುಚ್ಚಿದ ಕೋಣೆ, ಕಿವಿಗೆ ಹೆಡ್‌ಸೆಟ್, ಬಗ್ಗಿಸಿದ ಕತ್ತು, ಅವರಿಗೆ ಕಾಣೋದು ಇಷ್ಟೇ. ಒಳಗೆ ಏನು ನಡೀತಿದೆ ಅಂತ ಗೊತ್ತಿಲ್ಲದ ಜಾಗದಲ್ಲಿ ಪೇಪರಿನ ಹೆಡ್ಡಿಂಗ್ ಬಂದು ಕೂತುಕೊಳ್ಳುತ್ತೆ.

ಇನ್ನು ಆಟದ ಹೆಸರು ಕೆಡಿಸುವ ಕೆಲವರ ವಿಷಯ. ಅವರು ಇದ್ದಾರೆ, ಅವರಿಂದ ಜಾಸ್ತಿ ಪೆಟ್ಟು ತಿಂದವರು ಆಟ ಆಡುವ ನಾವೇ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಚಿಟಾದಲ್ಲಿ ಕಾಲ್ ಆಫ್ ಡ್ಯೂಟಿ ಆಟದ ಒಂದೂವರೆ ಡಾಲರ್ ಪಂದ್ಯಕ್ಕೆ ಜಗಳ ಹತ್ತಿ, ಒಬ್ಬ ಇನ್ನೊಬ್ಬನ ಮನೆಗೆ ಪೊಲೀಸರನ್ನು ಕಳಿಸುವ ಹಾಗೆ ಮೂರನೆಯವನಿಂದ ಸುಳ್ಳು ಕರೆ ಮಾಡಿಸಿದ, ಆದರೆ ಅವನ ಹತ್ತಿರ ಇದ್ದ ವಿಳಾಸ ತಪ್ಪಾಗಿತ್ತು. ಆಟಕ್ಕೂ ಜಗಳಕ್ಕೂ ಸಂಬಂಧವೇ ಇಲ್ಲದ, ಬಾಗಿಲು ತೆರೆದ ಯುವಕ ಪೊಲೀಸರ ಗುಂಡಿಗೆ ಸತ್ತ. ಕರೆ ಮಾಡಿದವನಿಗೆ 20 ವರ್ಷ ಜೈಲಾಯಿತು. 2020ರಲ್ಲಿ ದಿ ಲಾಸ್ಟ್ ಆಫ್ ಅಸ್ ಅನ್ನುವ ಗೇಮ್‌ನ ಎರಡನೇ ಭಾಗ ಬಂದಾಗ ಕಥೆ ಇಷ್ಟವಾಗದವರು ಅದರ ಒಂದು ಪಾತ್ರಕ್ಕೆ ದನಿ ಕೊಟ್ಟ ನಟಿ ಲಾರಾ ಬೈಲಿ ಅವರಿಗೆ ಕೊಲೆ ಬೆದರಿಕೆ ಕಳಿಸಿದರು. ಆ ಪಾತ್ರ ಬರೆದದ್ದೂ ಅವರಲ್ಲ.

ನಮ್ಮ ಕಡೆಯೂ ಕಮ್ಮಿ ಇಲ್ಲ. ಗೊತ್ತಿಲ್ಲದವರ ಜೊತೆ ಆಡುವಾಗ ನಾನು ಮೈಕ್ ಆನ್ ಮಾಡೋದಿಲ್ಲ. ಹೆಣ್ಣು ದನಿ ಕೇಳಿದ ಕೂಡಲೇ ಶುರುವಾಗುವ ಮಾತುಗಳನ್ನು ಇಲ್ಲಿ ಬರೆಯೋಕಾಗಲ್ಲ. ನಂಬರ್ ಕೊಡು ಅಂತ ಶುರು, ಕೊಡದಿದ್ದರೆ ಹೊಲಸು ಬೈಗುಳ, ಮನೆಯವರನ್ನೂ ಸೇರಿಸಿ. ಒಂದು ಸಲ ಒಬ್ಬ ಮ್ಯಾಚ್ ಪೂರ್ತಿ ಹೀಗೇ ಬೈಯುತ್ತಿದ್ದ. ಅದೇ ತಂಡದಲ್ಲಿದ್ದ ಇನ್ನೊಬ್ಬ, ಹುಬ್ಬಳ್ಳಿ ಕಡೆಯ ಮಾತು, "ಏ ಮಾರಾಯಾ, ಬಾಯಿ ಸುದ್ದ ಇಟ್ಕೊಂಡು ಆಡೂದಿದ್ರ ಆಡು, ಇಲ್ಲಂದ್ರ ಹೊಂಟ ಹೋಗು" ಅಂದ. ಬೈಯುವವನು ನಿಲ್ಲಿಸಲಿಲ್ಲ. ಹುಬ್ಬಳ್ಳಿಯವನು ಆಟವನ್ನು ಅರ್ಧಕ್ಕೇ ಬಿಟ್ಟು, ಅವನನ್ನು ರಿಪೋರ್ಟ್ ಮಾಡಿ, ನನಗೂ ರಿಪೋರ್ಟ್ ಮಾಡಿ ಅಂತ ಮೆಸೇಜ್ ಹಾಕಿದ. ಪಾಯಿಂಟ್ ಹೋಗುತ್ತೆ ಅಂತ ಗೊತ್ತಿದ್ದೂ ಮಾಡಿದ. ಪೇಪರ್ ಓದಿದವರ ಲೆಕ್ಕದಲ್ಲಿ ಇಬ್ಬರೂ ಗೇಮ್ ಹುಚ್ಚರು. ನನ್ನ ಲೆಕ್ಕದಲ್ಲಿ ಇಬ್ಬರ ನಡುವೆ ಆಕಾಶ ಭೂಮಿಯಷ್ಟು ಅಂತರ.

ಹೆಣ್ಣುಮಕ್ಕಳು ಮೈಕ್ ಆಫ್ ಮಾಡಿಕೊಂಡು ಆಡಬೇಕಾದ ಜಾಗವನ್ನು ಸರಿಮಾಡುವ ಕೆಲಸ ನಮ್ಮದೇ, ಆಟಗಾರರದ್ದೇ. ಬೈಯುವವನು ತಂಡದಲ್ಲಿ ಒಳ್ಳೆ ಶೂಟರ್ ಅಂತ ಸಹಿಸಿಕೊಳ್ಳುವವರನ್ನು ನಾನು ನೋಡಿದ್ದೇನೆ, ಅವರ ಜೊತೆ ಆಡೋದು ಬಿಟ್ಟಿದ್ದೇನೆ. ಆದರೆ ಈ ಸರಿಮಾಡುವ ಕೆಲಸ ಮಾಡುವವರು ಯಾರು? ಆ ಹುಬ್ಬಳ್ಳಿಯವನಂಥವರೇ ಅಲ್ವಾ? ಅವರನ್ನೂ ಸೇರಿಸಿ ಎಲ್ಲರನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದರೆ ಒಳಗಿನಿಂದ ತಡೆಯುವವರು ಯಾರೂ ಉಳಿಯೋದಿಲ್ಲ.

ದುಡ್ಡು ಕಟ್ಟಿ ಆಡುವುದು ಬೇರೆ ಸಂಗತಿ, ಅದನ್ನು ಇದರ ಜೊತೆ ಕಲಸಬಾರದು. ಆನ್‌ಲೈನ್ ಗೇಮ್‌ನಲ್ಲಿ ಲಕ್ಷಗಟ್ಟಲೆ ಕಳೆದುಕೊಂಡು ಜೀವ ತೆಗೆದುಕೊಂಡರು ಅನ್ನುವ ಸುದ್ದಿಯ ಒಳಗೆ ಹೋಗಿ ನೋಡಿದರೆ ಎಷ್ಟೋ ಸಲ ಇರೋದು ರಮ್ಮಿ, ಬೆಟ್ಟಿಂಗ್. ಹೆಡ್ಡಿಂಗ್ ಪಕ್ಕದ ಚಿತ್ರದಲ್ಲಿ ಮಾತ್ರ ಹೆಡ್‌ಸೆಟ್ ಹಾಕಿಕೊಂಡ ಹುಡುಗ ಇರುತ್ತಾನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಮಾಡಿದಾಗ ದುಡ್ಡಿನ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ (ಕ್ರೀಡೆಯ ಹಾಗೆ ಸ್ಪರ್ಧೆಯಾಗಿ ಆಡುವ ಗೇಮ್‌ಗಳು) ಅನ್ನು ಬೇರೆ ಇಟ್ಟು ಪ್ರೋತ್ಸಾಹ ಕೊಡಬೇಕು ಅಂತ ಹೇಳಿತು. ಕಾನೂನಿಗೆ ಗೊತ್ತಾದ ವ್ಯತ್ಯಾಸ ಸುದ್ದಿಮನೆಗೂ ಗೊತ್ತಾಗಬೇಕು.

ನಾರ್ವೆಯಲ್ಲಿ ಮ್ಯಾಟ್ಸ್ ಸ್ಟೀನ್ ಅಂತ ಒಬ್ಬ ಹುಡುಗನಿದ್ದ. ಹುಟ್ಟಿನಿಂದ ಡುಷೇನ್ ಅನ್ನುವ ಸ್ನಾಯು ಕ್ಷೀಣಿಸುವ ಕಾಯಿಲೆ. ವೀಲ್‌ಚೇರಿನಲ್ಲೇ ಜೀವನ, ಕೊನೆ ಕೊನೆಗೆ ಬೆರಳು ಮಾತ್ರ ಆಡುತ್ತಿದ್ದವು. ವರ್ಷಗಟ್ಟಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಿದ, ಅಲ್ಲಿ ಅವನ ಹೆಸರು ಇಬೆಲಿನ್. ತಂದೆ ತಾಯಿಗೆ ಒಂದೇ ಕೊರಗು, ಮಗನಿಗೆ ಸ್ನೇಹಿತರಿಲ್ಲ, ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಒಬ್ಬನೇ. 2014ರಲ್ಲಿ, 25ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನ ಬ್ಲಾಗಿನಲ್ಲಿ ತಂದೆ ಆ ಸುದ್ದಿ ಹಾಕಿದರು. ಯುರೋಪಿನ ಎಲ್ಲೆಲ್ಲಿಂದಲೋ ಮೇಲ್ ಬರತೊಡಗಿದವು. ಆಟದೊಳಗೆ ಅವನು ಒಬ್ಬ ತಾಯಿಗೆ ತನ್ನ ಮಗನ ಹತ್ತಿರ ಮಾತಾಡೋದು ಹೇಗೆ ಅಂತ ಹೇಳಿಕೊಟ್ಟಿದ್ದ, ಮನಸ್ಸು ಕುಸಿದವರ ಮಾತು ಗಂಟೆಗಟ್ಟಲೆ ಕೇಳಿದ್ದ. ಮುಖ ನೋಡದವರು ದೇಶ ದಾಟಿ ಬಂದು ಅಂತ್ಯಕ್ರಿಯೆಯಲ್ಲಿ ನಿಂತರು. ನಾವು ಮಗನ ಆಟದ ಲೋಕದ ಬಗ್ಗೆ ಇನ್ನಷ್ಟು ಆಸಕ್ತಿ ತೋರಿಸಬೇಕಿತ್ತು ಅನ್ನುವ ಅರ್ಥದ ಮಾತನ್ನು ಆ ತಂದೆ ಆಮೇಲೆ ಹೇಳಿದರು. ಕೆಟ್ಟ ತಂದೆ ತಾಯಿ ಅಲ್ಲ ಅವರು, ಮಗನಿಗಾಗಿ ಎಲ್ಲ ಮಾಡಿದವರು. ಅವರಿಗೂ ಆ ಬಾಗಿಲ ಆಚೆ ಏನಿದೆ ಅಂತ ಕಾಣಲಿಲ್ಲ.

ಆಟ ಚಟವಾಗುವುದೂ ನಿಜ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಂದು ಕಾಯಿಲೆ ಅಂತ ಪಟ್ಟಿಗೆ ಸೇರಿಸಿದೆ. ಆಡೋದನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಾಗದೆ, ಊಟ ನಿದ್ದೆ ಓದು ಸ್ನೇಹ ಎಲ್ಲಕ್ಕಿಂತ ಆಟವೇ ಮುಂದಾಗಿ, ಬದುಕು ಕೆಡುತ್ತಿದ್ದರೂ ಬಿಡಲಾಗದೆ, ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದರೆ ಆಗ ಆ ಹೆಸರು. ಆಡುವವರಲ್ಲಿ ಇದು ಬರೋದು ಸಣ್ಣ ಪಾಲಿಗೆ ಮಾತ್ರ ಅಂತಲೂ ಅದೇ ಸಂಸ್ಥೆ ಹೇಳುತ್ತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕಾಗಿ ಶಟ್ ಕ್ಲಿನಿಕ್ ಅಂತ ಇದೆ. ಅಲ್ಲಿಗೆ ಹೋಗಬೇಕಾದ ಹುಡುಗರಿದ್ದಾರೆ, ಅವರಿಗೆ ಸಹಾಯ ಸಿಗಲೇಬೇಕು. ಆದರೆ ಕ್ಲಾಸಿನಲ್ಲಿ ಎದ್ದು ನಿಲ್ಲಿಸುವ ಊರಿನಲ್ಲಿ ಯಾರು ತಾನಾಗಿ ಮುಂದೆ ಬರುತ್ತಾರೆ?

ಚಟದ ಈ ಗುರುತುಗಳನ್ನು ಆ ಜೂನ್‌ನಲ್ಲೇ ನಮ್ಮ ಸೋದರಮಾವನಿಗೆ ಫೋನಿನಲ್ಲಿ ಹೇಳಿದೆ. ಹುಡುಗ ಸರಿಯಾಗಿ ಊಟ ಮಾಡ್ತಾನಾ, ರಾತ್ರಿ ಮಲಗ್ತಾನಾ, ಫ್ರೆಂಡ್ಸ್ ಮನೆಗೆ ಬರ್ತಾರಾ, ದುಡ್ಡೇನಾದರೂ ಕಾಣೆಯಾಗಿದೆಯಾ ಅಂತ ಕೇಳಿದೆ. "ಅದೆಲ್ಲ ಸರಿಯಾಗೇ ಐತವ್ವ, ಹುಡುಗ ಬಂಗಾರ" ಅಂದರು. ಮತ್ತೆ ಫೋನ್ ಯಾಕೆ ಕಿತ್ತಿಟ್ರಿ ಅಂದರೆ, "ಕಾಲೇಜಿನವ್ರು ಹೇಳಿದಾರಲ್ಲ, ನಾಳೆ ಏನಾರ ಆದ್ರೆ ಜನ ನನ್ನ ಕೇಳ್ತಾರೆ" ಅಂದರು. ಅವರಿಗೆ ಮಗನ ಮೇಲೆ ಅನುಮಾನ ಇರಲಿಲ್ಲ, ಜನರ ಭಯ ಇತ್ತು. ಆ ವರ್ಷ ಪರೀಕ್ಷೆ ಮುಗಿಯುವವರೆಗೂ ಫೋನ್ ಬೀರುವಿನಲ್ಲೇ ಇತ್ತು. ಹುಡುಗ ಒಂದು ಮಾತೂ ಎದುರಾಡಲಿಲ್ಲ. ಈಗ ಡಿಗ್ರಿ ಕೊನೆಯ ವರ್ಷ, ಸ್ವಂತ ಫೋನಿದೆ, ಬಿಡುವಿದ್ದಾಗ ನಮ್ಮ ಜೊತೆ ಆಡುತ್ತಾನೆ. ಮನೆಯಲ್ಲಿ ಯಾರಿಗೂ ಹೇಳೋದಿಲ್ಲ.